ನರಿಯ ಮುಖ ನೋಡಿ

ಝುವಾರಿನಗರದ ಏರಿನಲ್ಲಿ, ಕೋಳಿ ಅಂಗಡಿಯ ಪಕ್ಕ
ಅರ್ಧ ಶಟರು ನನ್ನದು.
ಒಂದು ಕಂಪ್ಯೂಟರು, ಒಂದು ಪ್ರಿಂಟರು,
ಅರ್ಜಿಗೆ ಇಪ್ಪತ್ತು ರೂಪಾಯಿ,
ಫೋಟೊ ಅಂಟಿಸುವ ಗೋಂದು ಪುಕ್ಕಟೆ.

ಹತ್ತು ವರ್ಷ ಆ ಬಣ್ಣದ ಚೆಂಡನ್ನೇ ಒತ್ತಿ
ಸರಕಾರದ ಬಾಗಿಲು ತಟ್ಟಿದವಳು ನಾನು.
ಈಚೆಗೆ ನಾಲ್ಕು ಪುಟ ತೆರೆದರೆ
ಐದನೆಯದಕ್ಕೆ ಅದಕ್ಕೆ ದಮ್ಮು ಕಟ್ಟುತ್ತಿತ್ತು.
ಕೇಬಲ್ ರಿಪೇರಿಗೆ ಬಂದ ಸಾವಿಯೊ ನೋಡಿ ನಕ್ಕ:
"ಬಾಯ್, ನಿಮ್ಮ ಮೆಷಿನ್ ಸಣ್ಣದು, ಇದರ ಹೊಟ್ಟೆ ದೊಡ್ಡದು."
ಕೇಳದೆಯೇ ಚೆಂಡನ್ನು ಕಿತ್ತು ಹಾಕಿದ.
ಆ ಜಾಗದಲ್ಲೀಗ ಕಿತ್ತಳೆ ಬಣ್ಣದ ನರಿ,
ಭೂಮಿಗೆ ಬಾಲ ಸುತ್ತಿ ಮಲಗಿದೆ.

ಬೆಳಿಗ್ಗೆ ನರಿಯ ಮುಖ ನೋಡಿದರೆ
ಹೋದ ಕೆಲಸ ಹಣ್ಣು ಎನ್ನುತ್ತಿದ್ದಳು ನನ್ನ ಸೋದರತ್ತೆ.
ಶಟರೆತ್ತಿದರೆ ಈಗ ದಿನಾ ನರಿಯೇ.
ಆದರೂ ಸರ್ವರು
ಹನ್ನೊಂದಕ್ಕೆ ಮೊದಲು ಏಳುವುದಿಲ್ಲ.

ಚೆಂಡು ಹೋಗುವ ಮುಂಚೆ ನರಿ ಕೇಳಿತ್ತು:
ಅಲ್ಲಿಂದ ಏನೇನು ತರಲಿ?
ಬುಕ್‌ಮಾರ್ಕು? ತಾ.
ಹಿಸ್ಟರಿ? ಅದನ್ನೂ ತಾ,
ಕೊಳ್ಳದೆ ಬರೀ ನೋಡಿದ ಸೀರೆಗಳ ಸಮೇತ.
ಪಾಸ್‌ವರ್ಡು?
ಮೌಸಿನ ಮೇಲೆ ಬೆರಳು ನಿಂತಿತು.

ಅವು ನನ್ನವಲ್ಲ. ಇನ್ನೂರ ಹದಿನಾಲ್ಕು ಜನರವು.
ಸೆಂಟ್ರಿಂಗಿನವರದು, ಬಂದರಿನಲ್ಲಿ ಕಲ್ಲಿದ್ದಲು ಎತ್ತಿದವರದು,
ಮೂರು ಮನೆಯ ಪಾತ್ರೆ ತಿಕ್ಕಿ ಒದ್ದೆ ಕೈಯಲ್ಲೇ
ಹೆಬ್ಬೆಟ್ಟು ಒತ್ತಲು ಬಂದವರದು.
"ಏನಿಡಲಿ?" ಅಂದರೆ
ಒಬ್ಬರಾದರೂ ಯೋಚಿಸಿದವರಲ್ಲ.
ಊರಿನ ಹೆಸರು, ಮುಂದೆ ಒಂದು ಎರಡು ಮೂರು.
ಸಾಲಾಗಿ ಕರಿ ಚುಕ್ಕೆ; ಒತ್ತಿದರೆ ಒಳಗಿಂದ
ಕೆರೂರು, ಮುದ್ದೇಬಿಹಾಳ, ಗುಳೇದಗುಡ್ಡ.
ಕೆಲವರು ಕೆಲಸ ಮುಗಿದು ರತ್ನಾಗಿರಿಗೆ ದಾಟಿದರು,
ಕೆಲವರು ಎಲ್ಲಿಗೆಂದು ಹೇಳಲಿಲ್ಲ.
ಕಂಡವರ ಕೀಲಿಕೈ ಸೆರಗಿಗೆ ಗಂಟು ಹಾಕಿಕೊಂಡು
ಎಷ್ಟು ದಿನ ಓಡಾಡಲಿ?
ಟಿಕ್ ತೆಗೆದೆ.

ಅರ್ಜಿಯಲ್ಲಿ ತುಂಬಿದ ಹೆಸರುಗಳ ಬಗ್ಗೆ
ನರಿ ಕೇಳಲೇ ಇಲ್ಲ.
ಮೊದಲೆಲ್ಲ ಒಂದು ಎಚ್ ಒತ್ತಿದರೆ ಸಾಕು,
ಹುಲಿಗೆವ್ವ ವಾಲೀಕಾರ ಇಳಿದು ಬರುತ್ತಿದ್ದಳು.
ವಿಧವಾ ಪಿಂಚಣಿಗೆ ಏಳು ಸಲ ಅರ್ಜಿ ಹಾಕಿದವಳು.
ಪಿಂಚಣಿ ಬರಲಿಲ್ಲ. ಅವಳೇ ಹೋದಳು.
ಹಸೀನಾಳ ಅರ್ಜಿಗೆ ಕೂತರೂ, ಹೆನ್ರಿಕನದಕ್ಕೆ ಕೂತರೂ
"ಯಕ್ಕಾ, ನಂದೇನಾತು?" ಎನ್ನುವ ಹಾಗೆ
ಪಾಳಿ ಮುರಿದು ಮುಂದೆ ನಿಲ್ಲುತ್ತಿದ್ದಳು.
ಬೈದುಕೊಳ್ಳುತ್ತ ಅಳಿಸುತ್ತಿದ್ದೆ.

ನರಿಗೆ ಒಂದು ಎಚ್ ಕೊಟ್ಟು ನೋಡಿದೆ.
ಎಚ್ ಒಂದೇ ನಿಂತಿತು.
ಪಕ್ಕದಲ್ಲಿ ಗೆರೆ ಮಿಟುಕುತ್ತಿತ್ತು.

ಸೋಮವಾರ ಯಮನಪ್ಪ ಬಿಸನಾಳ ಬಂದ.
ಪಿಎಫ್ ತೆಗೀಬೇಕು, ಮಗಳ ನರ್ಸಿಂಗ್ ಫೀಜು.
"ಪಾಸ್‌ವರ್ಡು?"
"ನಿಮ್ ಹಂತ್ಯಾಕ ಐತಲ್ರಿ."
ಇಲ್ಲ ಎನ್ನಲು ಬಾಯಿ ಬರಲಿಲ್ಲ. "ನಿಮ್ಮೂರು?"
ಊರು ಹಾಕಿದೆ. ಕೆಂಪು ಅಕ್ಷರ: ತಪ್ಪು.
ಮೂರು ತಪ್ಪಿದರೆ ಖಾತೆಗೇ ಬೀಗ.
ತಲೆ ಕೆರೆದುಕೊಂಡ. ಹೊರಗೆ ಕೋಳಿ ಅಂಗಡಿಯ ಕತ್ತಿ
ಎರಡು ಸಲ ಬಿತ್ತು.
"ಅಕಿ ತವರೂರು ಇಟ್ಟಿದ್ದೆ ಕಾಣ್ತೈತ್ರಿ. ಹೊಳೆಮುರಡಿ."

ಹೊಳೆಮುರಡಿಗೆ ಒಂದು ಡಿ ಹಾಕಿದೆ. ತಪ್ಪು.
ಇನ್ನೊಂದೇ ಸಲ. ಅವನೂ ನಾನೂ ಉಸಿರು ಹಿಡಿದೆವು.
ಎರಡು ಡಿ ಹಾಕಿದೆ.

ತೆರೆಯಿತು.

"ಆ ಊರು ಈಗಿಲ್ರೀ," ಅಂದ ಯಮನಪ್ಪ ಪರದೆಯನ್ನೇ ನೋಡುತ್ತ,
"ಹಿನ್ನೀರಾಗ ಹೋಗಿ ಇಪ್ಪತ್ತು ವರ್ಷಾತು.
ಬ್ಯಾಸಿಗ್ಯಾಗ ಗುಡಿ ತುದಿ ಒಂದು ಕಾಣ್ತೈತಿ."
ಮೂಲೆಯಲ್ಲಿ ನರಿ ಕೇಳುತ್ತಿತ್ತು:
ಇದನ್ನು ನೆನಪಿಟ್ಟುಕೊಳ್ಳಲೇ?
ನಾನು ಓದಿ ಹೇಳಿದೆ.
"ಇಟ್ಗೊಳ್ಳಲಿ ಬಿಡ್ರಿ," ಅಂದ.

ಚಿಲ್ಲರೆ ಎಣಿಸಿದ. ಹದಿನೈದಿತ್ತು.
ಉಳಿದ ಐದು ಬುಧವಾರ ಅಂದ.
ಅದನ್ನು ನೆನಪಿಡಲೇ ಎಂದು
ನರಿ ಕೇಳಲಿಲ್ಲ.