ಗೀರು ಮೇಲಕ್ಕೆ

ಸೈಮಾ ಸರೋವರದ ಮಂಜುಗಡ್ಡೆ ಒಡೆದು ಎಂಟು ದಿನ.
ದಡದಲ್ಲಿ ಇನ್ನೂ ಗಾಜಿನ ಚೂರು ಗುಡಿಸುವ ಸದ್ದು.
ಶೆಡ್ಡಿನೊಳಗೆ, ಮರದ ಕುದುರೆಗಳ ಮೇಲೆ,
ಸೊರ್ವರಿಯವರ ದೋಣಿ.
ಹಿಂದಿನ ಡ್ರೈವು ಬಿಚ್ಚಿ ನೆಲಕ್ಕಿಟ್ಟಿದ್ದೇನೆ,
ಬೆನ್ನಲ್ಲಿ ಮುಷ್ಟಿಯಗಲದ ತೂತು.
ಆ ತೂತಿನಲ್ಲಿ ಈ ಸಲಾಕೆ ಹೋಗಬೇಕು,
ಬೇರಿಂಗ್ ದಾಟಿ, ಎಂಜಿನ್ನಿನ ಹಲ್ಲುಗಳ ನಡುವೆ,
ಬರೀ ಎರಡು ಬೆರಳಿಂದ ತಳ್ಳಿದರೆ
ಬೆಣ್ಣೆಯಿಂದ ಕೂದಲೆಳೆದಷ್ಟು ಹಗುರವಾಗಿ.
ಹೋದರೆ ಎಂಜಿನ್ ನೇರ ಕೂತಿದೆ ಎಂದು ಲೆಕ್ಕ.

ಹೋಗಲಿಲ್ಲ.

ಮೂರು ದಿನ ಮುಂದಿನ ನಟ್ಟು ತಿರುಗಿಸಿದೆ.
ಕಾಲು ಸುತ್ತು ಮೇಲೆ, ಅರ್ಧ ಸುತ್ತು ಕೆಳಗೆ.
ತುದಿಗೆ ಗ್ರೀಸು ಬಳಿದು ತೂರಿಸಿ, ಹೊರಗೆಳೆದು,
ಟಾರ್ಚು ಹಿಡಿದು ಹಲ್ಲಿನ ಗುರುತು ಓದಿದೆ:
ಮೇಲೆ ಒರೆಸಿಹೋಗಿದೆ, ಕೆಳಗೆ ಹಾಗೇ ದಪ್ಪ.
ಎಂಜಿನ್ ಎತ್ತಿದೆ. ಈಗ ಎಡಕ್ಕೆ ಒರೆಸಿದೆ.
ಇಳಿಸಿದೆ. ಮತ್ತೆ ಮೇಲೆ.
ಕಲಿಸಿಕೊಟ್ಟದ್ದು ಮರೆತ ಸಾಕ್ಷಿಯ ಹಾಗೆ
ಸಲಕ್ಕೊಂದು ಮಾತು.
ರಬ್ಬರ್ ಕಾಲುಗಳನ್ನು ಬೈದೆ, ಬೇರಿಂಗನ್ನು ಬೈದೆ,
ಚಳಿಗೆ ದೋಣಿಯ ಹೊಟ್ಟೆಯೇ ತಿರುಚಿದೆ ಅಂದೆ.
ಕುಣಿಯಲಾರದವಳಿಗೆ ನೆಲ ಡೊಂಕಂತೆ.
ನನಗೆ ದೋಣಿ ಡೊಂಕು, ಶೆಡ್ಡು ಡೊಂಕು,
ಸೊರ್ವರಿಯ ಮೂತಿಯೂ ಡೊಂಕು.

ನಾಲ್ಕನೆಯ ಬೆಳಿಗ್ಗೆ, ಸೌನಾದ ಹಳೆಯ ಕಿಟಕಿಗಾಜು
ಬೆಂಚಿನ ಮೇಲೆ ಮಲಗಿಸಿ ಸಲಾಕೆ ಉರುಳಿಸಿದೆ.
ಟಕ್.
ಉರುಳಿತು. ಟಕ್.
ಕೆನ್ನೆ ಗಾಜಿಗಾನಿಸಿ ಒಂದು ಕಣ್ಣು ಮುಚ್ಚಿದರೆ
ಅಡಿಯಲ್ಲಿ ಬೆಳಕಿನ ಎಳೆ ಬಂದು ಹೋಗುತ್ತಿತ್ತು.
ಡಯಲ್ ಗೇಜಿನ ಮುಳ್ಳು ತಾಗಿಸಿದೆ:
ಮಿಲಿಮೀಟರಿನ ಹತ್ತರಲ್ಲಿ ಎಂಟು ಪಾಲು.

ಊಟದ ಹೊತ್ತಿಗೆ ಹುರಿದ ಮೀನು ಹಿಡಿದು ತೈಸ್ತೊ ಬಂದ.
ಹೋದ ಶರತ್ಕಾಲ ಈ ಶೆಡ್ಡನ್ನು
ಸಲಾಕೆ, ಇಕ್ಕಳ, ಇಲಿಗಳ ಸಮೇತ ನನಗೆ ಮಾರಿದವನು.
ಥರ್ಮಾಸು ಕೆಳಗಿಟ್ಟು, ಗಾಜಿನ ಮೇಲಿದ್ದದ್ದನ್ನು ನೋಡಿ
ತುಂಬಾ ಹೊತ್ತು ಸುಮ್ಮನಿದ್ದ. ನಮ್ಮ ಕಡೆ ಹಾಗೇ,
ಮಾತಿಗೆ ಸುಂಕ ಕಟ್ಟುವವರಂತೆ.
ಆಮೇಲೆ: "ಗೀರು ಮೇಲಕ್ಕಿಟ್ಟಿದ್ದೆಯಾ?"
"ಯಾವ ಗೀರು?"
ಉಗುರಿಂದ ತೋರಿಸಿದ. ಹಿಡಿಯ ಹತ್ತಿರ
ಅರದಲ್ಲಿ ಉಜ್ಜಿದ್ದು, ಗೋಧಿಕಾಳಿನುದ್ದ.
ತುಕ್ಕಿನ ಗಾಯವೆಂದು ನಾನು
ಚಳಿಗಾಲವೆಲ್ಲ ಎಣ್ಣೆ ಹಚ್ಚಿದ್ದು ಅದಕ್ಕೇ.

"ಟ್ರೇಲರು ಹಿಮದಲ್ಲಿ ಹೂತಿತ್ತು. ಇದನ್ನೇ ಹಾರೆ ಮಾಡಿದೆ.
ಹೊಸದಕ್ಕೆ ದುಡ್ಡಿಲ್ಲ, ತಿದ್ದಲು ಸೋಮಾರಿತನ.
ಗೀರು ಮೇಲಿಟ್ಟರೆ ಅಡಿಯಲ್ಲಿ ಎಷ್ಟು ಒರೆಸಬೇಕೆಂದು
ಕಣ್ಣಿಗೆ ಗೊತ್ತಿತ್ತು."
"ಎಷ್ಟು ವರ್ಷ?"
"ಹತ್ತೊಂಬತ್ತು."

ಅಂಚೆಯ ದೋಣಿ, ಔಷಧಿ ಅಂಗಡಿಯವಳದು,
ಪಾದ್ರಿಯ ಮಗನ ಕೆಂಪು ದೋಣಿ,
ಈ ಕೊಲ್ಲಿಯ ಅರ್ಧಕ್ಕರ್ಧ
ಈ ಡೊಂಕಿನಿಂದ ನೇರವಾಗಿ ಓಡಾಡುತ್ತಿವೆ.
"ಮಾರುವಾಗ ಹೇಳಬಾರದಿತ್ತೇ?"
"ನೀನು ಕೇಳಲಿಲ್ಲ," ಅಂದ.
ಲೋಟದ ಕಾಫಿ ಅಲ್ಲಾಡಿಸಿ: "ನಾಚಿಕೆಯಾಯಿತು."

ಮಧ್ಯಾಹ್ನವೆಲ್ಲ ಪ್ರೆಸ್ಸಿನ ಮುಂದೆ.
ಎರಡು ತುದಿಗೂ ಬರ್ಚ್ ಮರದ ದಿಂಬು,
ಸನ್ನೆ ನನ್ನ ಕೈಲಿ, ಮುಳ್ಳು ಅವನ ಕಣ್ಣಲ್ಲಿ.
ಉಕ್ಕು ಬಗ್ಗುತ್ತದೆ, ಬಿಟ್ಟರೆ ಮುನಿಸಿಕೊಂಡು ವಾಪಸು ಬರುತ್ತದೆ;
ಬೇಕಾದ್ದಕ್ಕಿಂತ ಹೆಚ್ಚು ಒತ್ತಬೇಕು,
ಎಷ್ಟು ಹೆಚ್ಚೆಂದು ಯಾವ ಪುಸ್ತಕದಲ್ಲೂ ಇಲ್ಲ.
ಎಂಟು. ಆರು. ಆರು. ಆರು.
ಮೂರು.
ಅತ್ತ ಕಡೆಗೆ ಎರಡು. ತೈಸ್ತೊ
ಗೊತ್ತಿರುವ ದೆವ್ವಗಳನ್ನೆಲ್ಲ ಹೆಸರಿಡಿದು ಕರೆದ.
ಒಂದು. ಅರ್ಧ.
"ಸಾಕು, ಇನ್ನು ಮುಟ್ಟಬೇಡ."

ಗಾಜಿನ ಮೇಲೆ ಸದ್ದಿಲ್ಲದೆ ಉರುಳಿತು,
ಅಂಚು ದಾಟಿ ಬೀಳುತ್ತಿದ್ದದ್ದನ್ನು ಅವನೇ ಹಿಡಿದ.

ಮೂರು ದಿನದ ತಿರುಗಿಸಾಟವನ್ನೆಲ್ಲ ಹಿಂದಕ್ಕೆ ತಿರುಗಿಸಿದೆ.
ಎಂಜಿನ್ ಮೊದಲಿಂದಲೂ ಸರಿಯಾಗೇ ಇತ್ತು, ಪಾಪ.
ಎರಡು ಬೆರಳು. ಹೋಯಿತು.
ಹೊರಗೆಳೆದರೆ ಗ್ರೀಸಿನಲ್ಲಿ ಸುತ್ತಲೂ ಒಂದೇ ಸಮ
ಹೊಸ ನಾಣ್ಯದ ಅಂಚಿನಂಥ ಗೆರೆಗಳು.

ಅರ ಕೈಗೆತ್ತಿಕೊಂಡೆ, ಗೀರು ಉಜ್ಜಿ ಹಾಕೋಣವೆಂದು.
ಮತ್ತೆ ಕೆಳಗಿಟ್ಟೆ.
ಹತ್ತು ಗಂಟೆಯಾದರೂ ಬೆಳಕಿತ್ತು.
ತೈಸ್ತೊ ಸಲಾಕೆ ಒರೆಸಿ,
ಗೋಡೆಯ ಎರಡು ಮೊಳೆಗಳ ಮೇಲೆ ಮಲಗಿಸಿ,
ಬಾಗಿಲ ತನಕ ಹೋಗಿ, ತಿರುಗಿ ಬಂದು,
ಗೀರನ್ನು ಮೇಲಕ್ಕೆ ಹೊರಳಿಸಿಟ್ಟು ಹೋದ.