ಓರೆ ಬೆಳಕು

ನೇರ ನೋಡಬೇಡ, ದೊಬ್ರಾವಾ. ನೇರ ನೋಡಿದರೆ
ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ.
ಮಣಿಕಟ್ಟು ಸಡಿಲ ಬಿಡು. ದೀಪದಡಿ ಬ್ಲೇಡನ್ನು ಓರೆ ಮಾಡು.
ಇನ್ನೂ ಚೂರು. ಹಾಂ, ಅಲ್ಲೇ.
ಚಿನ್ನವಾಗಿದ್ದರೆ ಒರೆಗೆ ಹಚ್ಚಬಹುದಿತ್ತು;
ಇದು ನಿಕ್ಕಲ್ಲು, ಇದಕ್ಕೆ ಓರೆಯೇ ಒರೆ.

ಕೈಗವಸು ತೆಗೆಯಬೇಡ. ಆಮ್ಲದ ತೊಟ್ಟಿಯಿಂದ
ಈಗಷ್ಟೇ ಮಿಂದೆದ್ದು ಬಂದಿದೆ.
ಮೈತುಂಬ ಒಂದೇ ಮಂಕು, ಹೊಸದಾಗಿ ಬೋಳಿಸಿದ ಗಲ್ಲದ ಹಾಗೆ.
ಎಲ್ಲಾದರೂ ಒಂದು ಕಡೆ ಬೆಳಕು
ಬೇರೆ ಹೊತ್ತಿಗೆ ಮಿಂಚಿ ಆರಿದರೆ
ಅಲ್ಲಿ ಇನ್ನೊಬ್ಬ ಇದ್ದಾನೆ ಎಂದರ್ಥ.

ಆಚೆ ಕೋಣೆಯಲ್ಲಿ ಮೇಣದಿಂದ ಇದರ ರೂಪ ಮಾಡುತ್ತಾರೆ.
ಮಣ್ಣಿನ ಗಂಜಿಯಲ್ಲಿ ಅದ್ದಿ, ಮರಳುದುರಿಸಿ, ಒಣಗಿಸಿ,
ಮತ್ತೆ ಅದ್ದಿ, ಮತ್ತೆ ಒಣಗಿಸಿ, ಕೊನೆಗೆ
ಮೇಣವನ್ನೇ ಕರಗಿಸಿ ಓಡಿಸುತ್ತಾರೆ.
ಉಳಿಯುವುದು ಅದರಷ್ಟೇ ಅಳತೆಯ ಖಾಲಿ.

ಆ ಖಾಲಿಗೆ ಲೋಹ ಸುರಿದು, ಗಾಳಿಯಿಲ್ಲದ ಕುಲುಮೆಯಿಂದ
ಜೆಮೋವಿತ್ ಅದನ್ನು ಕೆಳಗಿಳಿಸುತ್ತಾನೆ, ಎಷ್ಟು ನಿಧಾನವೆಂದರೆ
ಅವನ ಲೋಟದ ಚಹಾ ತಣಿದು ನಿಂಬೆಹೋಳು ತಳಕ್ಕೆ ಕೂತರೂ
ಅದು ಇಳಿದಿರುವುದು ನಾಲ್ಕು ಬೆರಳು.
ತಳದ ತಣ್ಣನೆಯ ತಾಮ್ರದ ಮೇಲೆ ನೂರಾರು ಹರಳು ಏಳುತ್ತವೆ,
ಮೇಲೆ ಹೋಗಲು ಇರುವುದು ಒಂದೇ ದಾರಿ,
ಹಂದಿಮರಿಯ ಬಾಲದಂಥ ಸುರುಳಿ.
ಒಂದು ದಾಟುತ್ತದೆ. ಉಳಿದವು ದುರ್ಬಲವೇನಲ್ಲ;
ದಾರಿ ತಿರುಗಿದಾಗ ಅವು ನೇರ ಹೊರಟಿದ್ದವು, ಅಷ್ಟೇ.

ಯಾಕೆ ಇಷ್ಟೆಲ್ಲ ಅಂತ ಕೇಳಿದೆಯಲ್ಲ ನಿನ್ನೆ.
ಗೋಡೆ ಬೀಳುವುದು ಇಟ್ಟಿಗೆಯಿಂದಲ್ಲ, ಸಂದಿನಿಂದ.
ತನ್ನನ್ನೇ ಕರಗಿಸಬಲ್ಲ ಉರಿಯಲ್ಲಿ ಇದು ನಿಲ್ಲಬೇಕು,
ಮೈಯ ಸಣ್ಣ ಸಣ್ಣ ತೂತುಗಳಿಂದ ಬರುವ ಗಾಳಿಯನ್ನೇ ಹೊದ್ದು,
ಬುಡದಲ್ಲಿ ತುಂಬಿದ ಲಾರಿಯೊಂದರ ಭಾರ ಜಗ್ಗುತ್ತಿರುವಾಗ
ಕೂದಲೆಳೆಯಷ್ಟೂ ಉದ್ದವಾಗದೆ.
ಉದ್ದವಾಗುತ್ತದೆ. ಎಲ್ಲವೂ ಆಗುತ್ತದೆ.
ಎಷ್ಟು ವರ್ಷಕ್ಕೆ ಅನ್ನುವುದೇ ನಮ್ಮ ಸಂಬಳ.

ಒಂದು ಮಾತು ಹೇಳುತ್ತೇನೆ, ಊಟದ ಕೋಣೆಗೆ ಒಯ್ಯಬೇಡ.
ವಿಸ್ಲೋಕ್ ನದಿ ಬೇಗ ಹೆಪ್ಪುಗಟ್ಟಿದ ವರ್ಷ,
ಶುಕ್ರವಾರ ಸಂಜೆ, ಲಾರಿ ಬಾಗಿಲಲ್ಲೇ ನಿಂತಿತ್ತು.
ನಾಲ್ಕು ನಾಲ್ಕು ಒಂದು ಏಳು.
ಬುಡದ ಹತ್ತಿರ ಏನೋ ಒಂದು, ದಾರದಷ್ಟು.
ನೆರಳಿರಬೇಕು ಅಂದುಕೊಂಡೆ.
ಮತ್ತೆ ಓರೆ ಮಾಡಲಿಲ್ಲ. ಹಸಿರು ಚೀಟಿ ಕಟ್ಟಿದೆ.

ಏನೂ ಆಗಲಿಲ್ಲ. ಪೇಪರಿನಲ್ಲಿ ಏನೂ ಬರಲಿಲ್ಲ,
ಫೋನು ಬರಲಿಲ್ಲ. ಆಯಸ್ಸು ಮುಗಿಸಿ
ಎಲ್ಲೋ ಗುಜರಿಯಲ್ಲಿ ಕರಗಿ ಬೇರೇನೋ ಆಗಿರುತ್ತದೆ,
ಬಹುಶಃ ಅದು ನೆರಳೇ ಇದ್ದಿರಬಹುದು.
ಆದರೂ ಯಾಸಿಯೋಂಕಾ ಕಡೆ ಇಳಿಯುವ ವಿಮಾನದ ಸದ್ದಿಗೆ
ಬಟ್ಟೆ ಒಣಹಾಕುತ್ತಿದ್ದವಳು ಕ್ಲಿಪ್ಪು ಹಲ್ಲಲ್ಲಿ ಕಚ್ಚಿಕೊಂಡು
ಅದು ದಾಟುವವರೆಗೆ ನಿಂತಿರುತ್ತೇನೆ.
ಗಂಡ ಕೇಳುವುದನ್ನು ಬಿಟ್ಟಿದ್ದಾನೆ.

ಗುರುವಾರ ನನ್ನ ಬಲಗಣ್ಣು ಕೊಯ್ಯುತ್ತಾರೆ.
ಅದರೊಳಗೂ ಒಂದು ಹರಳಿದೆಯಂತೆ, ಹಾಲಿಗೆ ನೀರು ಬೆರೆಸಿದಂತಾಗಿದೆ.
ಡಾಕ್ಟರು ದೀಪ ಓರೆ ಹಿಡಿದೇ ನೋಡಿದರು,
ನನಗೆ ನಗು ಬಂತು.

ಏನು? ಎಲ್ಲಿ?
ಅಂಚಿನಲ್ಲೇ? ಇರು, ಕೊಡು ಇಲ್ಲಿ.

ನನಗೆ ಕಾಣಿಸುತ್ತಿಲ್ಲ.
ಎಡಗಣ್ಣಿಗೂ ಇಲ್ಲ.
ನೀನು ಹಿಡಿ. ಇನ್ನೊಮ್ಮೆ ಓರೆ ಮಾಡು. ಇದೆಯೇ?
ಬೇರೆ ಹೊತ್ತಿಗೆ ಮಿಂಚಿತೇ?

ಹಾಗಾದರೆ ನನ್ನ ಮುಖ ಯಾಕೆ ನೋಡುತ್ತೀ?
ಕೆಂಪು ಪೆನ್ಸಿಲ್ಲು ನಿನ್ನ ಕಡೆಯ ಡ್ರಾಯರಿನಲ್ಲಿದೆ.