ಬಾರದಾನ

ಮೂವತ್ತೊಂದು ವರ್ಷ
ತೊಗರಿ ಬ್ಯಾಳಿ ಮಿಲ್ಲಿನಾಗ ಕಾಟಾದ ಚೀಟಿ ಬರದೀನಿ.
ಚೀಲ ಏರಸ್ತಾರ, ಮುಳ್ಳು ನಡುಗಿ ನಿಂದರ್ತದ,
ಒಟ್ಟು ತೂಕ ಬರಿ, ಬಾರದಾನ ಕಳಿ,
ಹಸಿ ಇದ್ರ ಅದಕ್ಕೊಂದಿಷ್ಟು ಕಳಿ,
ಉಳಿದದ್ದು ಮಾಲು.

ಅದೇ ಕಾಟಾದ ಮ್ಯಾಲ
ಹಮಾಲರೆಲ್ಲ ಊಟಕ್ಕ ಹ್ವಾದ ಹೊತ್ತಿನಾಗ
ಚಪ್ಪಲಿ ಬಿಟ್ಟು ನಾನೇ ಏರಿ ನಿಂತೆ.
ಎಂಬತ್ತೊಂದೂವರಿ.
ಚೀಟಿ ಬರೀಲಿಲ್ಲ.

ನಮ್ಮಕ್ಕ ಚಂದ್ರಭಾಗಾನ ಎಡಗಡೀದು ತೆಗೆದು ಆರು ತಿಂಗಳಾಗಿತ್ತು,
ಕುಪ್ಪಸದೊಳಗ ಹತ್ತಿ ಮಡಚಿ ಇಟ್ಕೋತಿದ್ದಳು.
ಅಕಿ ಸಂಗಡ ದವಾಖಾನಿಗೆ ಹೋದಾಗ
ಡಾಕ್ಟರಬಾಯಿ ನನ್ನ ಮ್ಯಾಲಿಂದ ಕೆಳಗ ನೋಡಿ ಕೇಳಿದಳು:
ಮುಟ್ಟು ನಿಂತು ಎಷ್ಟಾತು?
ಹನ್ನೊಂದು ವರ್ಷಾತ್ರಿ. ಆ ಕತಿ ಮುಗೀತಲ್ರಿ.
ಮುಗದಿಲ್ಲ, ಅಂದಳು.

ಅಂಗಡಿ ಮುಚ್ಚೇದ, ಖರೇ.
ಆದ್ರ ಹಿತ್ತಲ ಬಾಗಿಲಿನಿಂದ ಕೊಬ್ಬು
ಅದೇ ಮಾಲು ತಯಾರು ಮಾಡ್ತದ, ಈಸ್ಟ್ರೋಜನ್.
ಪರ್ಚಿ ಇಲ್ಲ, ಖಾತಿ ಇಲ್ಲ,
ಹಗಲು ರಾತ್ರಿ ಸಣ್ಣಗ ನಡೀತದ ಗಿರಣಿ
ಹೊಟ್ಟಿ ಸುತ್ತ, ತೊಡಿಯೊಳಗ, ತೋಳಿನ ಜೋಲಿನಾಗ.
ಅದು ಹೆಚ್ಚಾದ್ರ ಎದಿಯೊಳಗ ಯಾವುದೋ ಒಂದು ಕಾಳು
ಮೊಳಕಿ ಒಡೀಬಹುದು.
ಒಡದೇ ಒಡೀತದ ಅಂತಲ್ಲ. ಬಹುದು.

ನಗು ಬಂತು ನನಗ. ಅಕ್ಕನ ಮುಂದ ನಗಬಾರದಿತ್ತು.
ಹೆಣ್ತನ ಬಾಡಿಗಿ ಮನಿ ಖಾಲಿ ಮಾಡಿ ಹೋಗೇದ
ಅಂತ ತಿಳಕೊಂಡಿದ್ದೆ ಹನ್ನೊಂದು ವರ್ಷ.
ನೋಡಿದ್ರ ಅದು,
ನಾ ನಾಚಿ ಸೆರಗಿನಾಗ ಮುಚ್ಚಿಟ್ಕೊಂಡ
ಹೊಟ್ಟಿ ಮಡಿಕಿಯಾಗ ಕುಂತು
ಇನ್ನೂ ಕೆಲಸ ಮಾಡ್ಲಾಕತ್ತಿತ್ತು.

ಈಗ ಐದಕ್ಕ ಏಳ್ತೀನಿ. ಕಲಬುರಗಿ ಬಿಸಿಲು ಏಳೂದ್ರಾಗ
ಅಪ್ಪನ ಕೆರಿ ನಾಕು ಸುತ್ತು.
ಜೋಡಿಗಿ ತಾಹೇರಾ ಆಪಾ, ಉರ್ದು ಶಾಲಿ ದೊಡ್ಡಬಾಯಿ ಆಗಿದ್ದಾಕಿ,
ಬುರ್ಖಾದ ಕೆಳಗ ಮಗಳ ಹಳೀ ಬಿಳಿ ಬೂಟು.
ಮೊದಲನೇ ಸುತ್ತಿಗೆ ಸೊಸಿಯಂದಿರ ಸುದ್ದಿ ಮುಗೀತದ,
ಆಮ್ಯಾಲ ಮಾತಿಗೆ ಉಸಿರು ಸಾಲಲ್ಲ.
ಆಪಾ ಬೆರಳ ಮ್ಯಾಲ ಏನೋ ಎಣಿಸ್ತಾಳ,
ದುವಾನೋ, ಹೆಜ್ಜಿನೋ, ನಾ ಕೇಳಿಲ್ಲ.

ಬರೇ ನಡದ್ರ ಸಾಲಲ್ಲಂತ.
ಶೇಂಗಾ ಹಿಂಡಿ ಎರಡು ಬೆರಳಿಗೆ ಬಂತು,
ರೊಟ್ಟಿ ನಾಕರಿಂದ ಎರಡು.
ಎಲುಬು ಗಟ್ಟಿ ಇರ್ಲಿ ಅಂತ ಪರಸಿ ಮ್ಯಾಲ ನಿಂತು
ಬ್ಯಾಳಿ ಪಾಕೀಟು ಎರಡೂ ಕೈಲೆ ಎತ್ತಿ ಇಳಸ್ತೀನಿ.
ಮೊಮ್ಮಗ ಎಣಿಸ್ತಾನ, ಹದಿನೇಳು ಆದಮ್ಯಾಲ ಇಪ್ಪತ್ತು ಅಂತಾನ,
ನಾ ತಿದ್ದೂದಿಲ್ಲ.

ಗಲ್ಲ ಇಳೀತು. ಬಳಿ ಮೊಳಕೈ ತನಕ ಜಾರ್ತಾವ.
ಏನವಾ ಜಗದೇವಿ, ಶುಗರ್ ಬಂತೇನ? ಅಂತಾರ ಓಣ್ಯಾಗ.

ವರ್ಷಾದ ಮ್ಯಾಲ ರಗತ ಕೊಟ್ಟು ಬಂದೆ.
ಕಡಿಮಿ ಆಗೇದ, ಅಂದಳು ಡಾಕ್ಟರಬಾಯಿ
ಕಾಗದದಾಗ ಒಂದು ಅಂಕಿ ಮ್ಯಾಲ ಪೆನ್ನಿಟ್ಟು.
ಗ್ರಾಮಿನ ಲಕ್ಷ ಕೋಟಿ ಪಾಲಿನೊಳಗ ಒಂದು ಪಾಲು,
ಅಂಥಾವು ಇಷ್ಟೇ ಇಷ್ಟು.
ಮೂವತ್ತೊಂದು ವರ್ಷ ತೂಗಿದಾಕಿಗೆ ಕಣ್ಣು ಕತ್ತಲಿಟ್ಟವು.
ಅದಕ್ಕ ಯಾ ಕಾಟಾ ಅದ? ಯಾ ಹಮಾಲ ಹೊರ್ತಾನ?

ಅಕ್ಕ ನಡೀಲಾರಳು, ಕೀಲು ಕೀಲೂ ನೋವು.
ನಾ ನಡದು ಕಳೀಲಾಕತ್ತಿದ್ದನ್ನ
ಅಕಿ ದಿನಕ್ಕೊಂದು ಗುಳಿಗಿ ನುಂಗಿ ಕಳೀತಾಳ.
ಕೆರಿ ದಂಡಿ ಬೆಂಚಿನ ಮ್ಯಾಲ ಕುಂತಿರ್ತಾಳ,
ಸುತ್ತು ತಪ್ಪಿಸಿದ್ರ ಬೈತಾಳ.

ನಿನ್ನಿ ಮಿಲ್ಲಿಗೆ ಬಂದಿದ್ದಳು.
ಎಪ್ಪತ್ಮೂರು ಅಂತ ನಾ ಚೀಟಿ ಬರೀಲಾಕ ಹೋದ್ರ
ಅಕಿನೂ ಹತ್ತಿ ನಿಂತಳು ನನ್ನ ಬಾಜೂಕ, ಸೊಂಟ ಹಿಡಕೊಂಡು.
ಹಮಾಲರು ನಕ್ಕರು. ಮುಳ್ಳು ನಿಂದರವಲ್ದು.
ಬಾರದಾನ ಎಷ್ಟು ಹಿಡೀಲಿ? ಅಂದೆ.
ನಂದು ಆಗಲೇ ಕಳದಾರ, ಅಂದಳು.
ನಿಂದಷ್ಟೇ ನೋಡ್ಕೋ.